ಕಾಳಜಿ ಕೇಂದ್ರಕ್ಕೆ ಏನು ಒಯ್ಯೋಣ?

ಪ್ರಶ್ನೆ: ಅಕ್ಕಾ, ಭೀಮಾ ನದಿ ಉಕ್ಕಿದಾಗ ಅಫಜಲಪುರ, ಜೇವರ್ಗಿ ಕಡೆಯ ಹಳ್ಳಿಯವರು ಶಾಲೆಗಳಲ್ಲಿ ತೆರೆದ ಕಾಳಜಿ ಕೇಂದ್ರಗಳಿಗೆ ಬರ್ತಾರೆ. ನಮ್ಮ ಮಹಿಳಾ ಸಂಘದಿಂದ ಹಳೆ ಬಟ್ಟೆ, ಬಿಸ್ಕತ್ತು ಒಯ್ದು ಕೊಡ್ತೇವೆ. ಇನ್ನೇನು ಮಾಡಬಹುದು?
ಸಂಘದ ಸದಸ್ಯೆ, ಕಲಬುರಗಿ

ಉತ್ತರ: ತಂಗಿ, ಹಳೆ ಬಟ್ಟೆಯ ಗಂಟು ಇನ್ನು ಸಾಕು. 2020ರ ಅಕ್ಟೋಬರ್‌ನಲ್ಲಿ ಮಳೆಯ ಜೊತೆ ಮಹಾರಾಷ್ಟ್ರದ ಉಜನಿ ಜಲಾಶಯದ ನೀರೂ ಸೇರಿ ಭೀಮಾ ದಂಡೆಯ ಊರುಗಳಿಗೆ ನುಗ್ಗಿತ್ತಲ್ಲ, ಆಗ ನಾನಿದ್ದ ಕೇಂದ್ರದ ಪಡಸಾಲೆ ತುಂಬ ಜರಿ ಸೀರೆ, ಕೋಟುಗಳ ರಾಶಿ. ತೊಯ್ದ ಸೀರೆಯಲ್ಲೇ ಕೂತಿದ್ದ ಹೆಣ್ಣುಮಗಳಿಗೆ ಉಡಲು ಒಂದು ಲಂಗ ಸಿಗಲಿಲ್ಲ. ಹೊಸ ಲಂಗ, ಒಳ ಉಡುಪು, ಪ್ಯಾಡ್, ಚಾದರ ಒಯ್ಯಿರಿ. ಬಾಣಂತಿಯರಿಗೆ ಬೇರೆ ಕೋಣೆ ಬಿಡಿಸಿಕೊಡಿ ಎಂದು ಹೆಡ್ ಮಾಸ್ತರರನ್ನು ಕೇಳಿ. ಬಿಪಿ, ಶುಗರ್ ಗುಳಿಗೆ ಮನೆಯಲ್ಲೇ ಬಿಟ್ಟು ಬಂದ ಹಿರಿಯರ ಹೆಸರು ಬರೆದು ಆಶಾ ಕಾರ್ಯಕರ್ತೆಗೆ ಕೊಡಿ. ಊಟ ಸರ್ಕಾರದ್ದೇ ಇರುತ್ತದೆ. ಆದರೂ ದಿನಾ ಅನ್ನ ಉಂಡು ಬೇಸತ್ತವರಿಗೆ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಮುಟ್ಟಿಸಿ.

ದನಗಳನ್ನು ಮರೆಯಬೇಡಿ. ಅವನ್ನು ಬಿಟ್ಟು ಬರಲಾರದೆ ನೀರಿನ ನಡುವೆಯೇ ಉಳಿಯುವ ಗಂಡಸರಿದ್ದಾರೆ. ದನ ತಿನ್ನುವ ಕಣಕಿಯ (ಒಣಗಿದ ಜೋಳದ ದಂಟು) ಬಣವೆ ನೀರುಪಾಲಾಗಿರುತ್ತದೆ. ಎತ್ತರದ ಜಾಗದಲ್ಲಿ ಒಂದು ಟ್ರ್ಯಾಕ್ಟರ್ ಕಣಕಿ ಹಾಕಿಸಿದರೆ ದನಗಳ ಹಿಂದೆ ಮನುಷ್ಯರೂ ಬರುತ್ತಾರೆ.

ನಿಮ್ಮ ಸಂಘದ ನಿಜವಾದ ಕೆಲಸ ಇರುವುದು ನೀರು ಇಳಿದ ಮೇಲೆ. ಅಷ್ಟೊತ್ತಿಗೆ ಬಿಸ್ಕತ್ತು ಕೊಟ್ಟವರೆಲ್ಲ ಹೋಗಿರುತ್ತಾರೆ, ಶಾಲೆ ಶುರುವಾಗಬೇಕು, ಜನ ಮನೆಗೆ ಹೋಗಲೇಬೇಕು. ಮನೆಯೊಳಗೆ ಮೊಣಕಾಲುದ್ದ ರಾಡಿ, ಅದರಲ್ಲಿ ಹಾವು ಚೇಳು. ಸಲಿಕೆ, ಪುಟ್ಟಿ, ಬ್ಲೀಚಿಂಗ್ ಪುಡಿ ಒಯ್ಯಿರಿ. ರಾಡಿ ಬಳಿದು ಹೊರಹಾಕುವ ಮೊದಲು ಮೊಬೈಲಿನಲ್ಲಿ ಫೋಟೊ ತೆಗೆಯಿರಿ: ಗೋಡೆಯ ಮೇಲೆ ನೀರು ನಿಂತ ಗುರುತು, ಕುಸಿದ ಮೂಲೆ, ಮೊಳಕೆ ಬಂದ ಜೋಳದ ಚೀಲ, ಎಲ್ಲ ಕಾಣಬೇಕು. 2020ರಲ್ಲಿ ನೀರು ಹೊಕ್ಕ ಮನೆಗೆ 10,000 ರೂಪಾಯಿ ತುರ್ತು ಪರಿಹಾರ ಘೋಷಿಸಿದ್ದರು. ಅಂಥ ಹಣ ಕೈಸೇರಬೇಕಾದರೆ ಅಧಿಕಾರಿಗಳು ಹಾನಿ ನೋಡಿ ಬರೆಯುವ ಪಂಚನಾಮೆಯಲ್ಲಿ ಹೆಸರಿರಬೇಕು, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿರಬೇಕು. ಪಾಸ್‌ಬುಕ್, ರೇಷನ್ ಕಾರ್ಡ್ ತೊಯ್ದು ಮುದ್ದೆಯಾದವರು ಯಾರನ್ನು ಕೇಳಬೇಕು? ಬರೆಯಲು ಬಲ್ಲ ಇಬ್ಬರು ಅವರ ಪಕ್ಕ ಕೂತು ತಹಶೀಲ್ದಾರರಿಗೆ ಅರ್ಜಿ ಬರೆದುಕೊಡಿ. ಅರ್ಜಿಯ ಪ್ರತಿಗೆ ಕಚೇರಿಯ ಸೀಲು, ತಾರೀಕು ಹಾಕಿಸಿಕೊಳ್ಳದೆ ಹೊರಗೆ ಬರಬೇಡಿ.

ಬಾಡಿಗೆ ಮನೆಯವರು, ಗಂಡ ಪುಣೆಗೋ ಮುಂಬಯಿಗೋ ದುಡಿಯಲು ಹೋಗಿ ಒಬ್ಬರೇ ಉಳಿದ ಹೆಣ್ಣುಮಕ್ಕಳು ಪರಿಹಾರದ ಪಟ್ಟಿಯಿಂದ ಬಿಟ್ಟುಹೋಗುವುದನ್ನು ಕಂಡಿದ್ದೇನೆ. ಮೊದಲು ಅವರ ಮನೆಗಳಿಗೆ ಹೋಗಿ.