ಯಾರಿಗೂ ಹೇಳದ 40 ನಿಮಿಷ

ಪುಣೆಯಲ್ಲಿ ಆಪ್ತಸಮಾಲೋಚನೆಗೆ ಅಂತ ನನ್ನ ಹತ್ರ ಐಟಿ ಕಂಪನಿಗಳಿರೋ ಹಿಂಜವಡಿ ಕಡೆಯಿಂದ ಬರೋ ಕನ್ನಡದ ಡಿಬಿಎಗಳದ್ದು, ಅಂದ್ರೆ ಕಂಪನಿಗಳ ಡೇಟಾಬೇಸ್ ನೋಡ್ಕೊಳ್ಳೋರದ್ದು, ಹೆಚ್ಚುಕಮ್ಮಿ ಒಂದೇ ದೂರು, ನಿದ್ದೆ ಇಲ್ಲ. ಅದಕ್ಕೇ ಈ ಒಂದು ಪ್ರಕರಣ ಬರೀತಿದೀನಿ, ಅವರ ಒಪ್ಪಿಗೆ ತಗೊಂಡು, ಗುರುತು ಸಿಗದ ಹಾಗೆ ವಿವರ ಬದಲಾಯಿಸಿ.

ವಿಜಯಪುರ ಕಡೆಯವ್ರು, ವಾಕಡ್‌ನಲ್ಲಿ ಮನೆ, ಹೆಂಡತಿ, ಒಬ್ಬಳು ಮಗಳು. ಕ್ಲೈಂಟ್ ಅಮೆರಿಕದ್ದು, ಅಲ್ಲಿ ಮಧ್ಯಾಹ್ನ ಲೋಡ್ ಏರೋ ಹೊತ್ತು ನಮಗೆ ನಡುರಾತ್ರಿ, ಡಿಸ್ಕ್ ತುಂಬ್ತು, ಲಾಕ್ ಆಯ್ತು, ಬ್ಯಾಕಪ್ ಫೇಲ್ ಆಯ್ತು ಅಂತ ಫೋನ್ ಬರ್ತಾನೇ ಇರುತ್ತೆ. ತಂಗಿ ಮದುವೇಲಿ ಅಕ್ಷತೆ ಬೀಳೋ ಹೊತ್ತಲ್ಲಿ ಇವ್ರು ಮಂಗಲ ಕಾರ್ಯಾಲಯದ ಹಿಂದಿನ ರೂಮಲ್ಲಿ ಲ್ಯಾಪ್‌ಟಾಪ್ ತಗೊಂಡು ಕೂತಿದ್ರಂತೆ. ಮೊದಲೆರಡು ಸಲ ನಾನು ಎಲ್ರಿಗೂ ಹೇಳೋದನ್ನೇ ಹೇಳ್ದೆ, ಸಂಜೆ ಮೇಲೆ ಚಹಾ ಬಿಡಿ, ಫೋನ್ ದೂರ ಇಡಿ ಅಂತ. ಆನ್‌ಕಾಲ್ ಇರೋರಿಗೆ, ಅಂದ್ರೆ ಯಾವ ಹೊತ್ತಲ್ಲಿ ಫೋನ್ ಬಂದ್ರೂ ಎತ್ತಲೇಬೇಕಾದವ್ರಿಗೆ, ಫೋನ್ ದೂರ ಇಡಿ ಅಂದಿದ್ದು ತಪ್ಪು.

ಮೂರನೇ ಸಲ ಕೇಳ್ದೆ, "ನೀವು ರಜೆ ಹಾಕಿದ್ರೆ ಯಾರು ನೋಡ್ಕೋತಾರೆ?"

"ಇಬ್ರು ಹುಡುಗ್ರು ಅದಾರ್ರಿ. ಆದ್ರ ಪ್ರೊಡಕ್ಷನ್ ಮುಟ್ಟಾಕ ಬಿಡೂದಿಲ್ರಿ ನಾ." (ಪ್ರೊಡಕ್ಷನ್ ಅಂದ್ರೆ ಕ್ಲೈಂಟ್‌ನ ನಿಜವಾದ ಕೆಲಸ ನಡೆಯೋ ಡೇಟಾಬೇಸ್, ಟೆಸ್ಟ್ ಅಂದ್ರೆ ಬರೀ ಪರೀಕ್ಷೆಗೆ ಇಟ್ಟಿದ್ದು.)

"ಯಾಕೆ?"

ಬಹಳ ಹೊತ್ತು ಮಾತೇ ಇಲ್ಲ. ಆಮೇಲೆ, "ಎರಡ ವರ್ಷದ ಹಿಂದ ಟೆಸ್ಟ್ ಅಂತ ತಿಳದು ಪ್ರೊಡಕ್ಷನ್ನ್ಯಾಗ ಡಿಲೀಟ್ ಹೊಡದೀನ್ರಿ ಮೇಡಂ. ಎರಡೂ ವಿಂಡೋ ಒಂದ ನಮೂನಿ ಇದ್ದುವ್ರಿ. ಕಮಿಟ್ ಬ್ಯಾರೆ ಕೊಟ್ಟಿದ್ನಿ."

ಕಮಿಟ್ ಅಂದ್ರೆ ಮಾಡಿದ ಬದಲಾವಣೆನ ಖಾಯಂ ಮಾಡೋದು, ಅದು ಕೊಟ್ಮೇಲೆ ರೋಲ್‌ಬ್ಯಾಕ್, ಅಂದ್ರೆ ಹಿಂದಕ್ಕೆ ತಗೊಳ್ಳೋದು, ಆಗಲ್ಲ. ಆದ್ರೆ ಅವ್ರು ಬಳಸೋ ಒರಾಕಲ್ ಡೇಟಾಬೇಸ್‌ನಲ್ಲಿ ಫ್ಲ್ಯಾಶ್‌ಬ್ಯಾಕ್ ಅಂತ ಇದೆ, ಹಳೇ ಮಾಹಿತಿ ಅನ್‌ಡು ಜಾಗದಲ್ಲಿ ಇನ್ನೂ ಉಳಿದಿದ್ರೆ ಸ್ವಲ್ಪ ಹೊತ್ತಿನ ಹಿಂದೆ ಟೇಬಲ್ ಹೇಗಿತ್ತೋ ಹಾಗೇ ಓದಬಹುದು, ಉಳಿದಿತ್ತು, 40 ನಿಮಿಷದಲ್ಲಿ ಎಲ್ಲಾ ವಾಪಸ್ ಹಾಕಿದ್ರು. ಭಾನುವಾರ ಆಗಿದ್ದಕ್ಕೆ ಯಾರಿಗೂ ಗೊತ್ತಾಗ್ಲಿಲ್ಲ. ಇವ್ರೂ ಹೇಳ್ಲಿಲ್ಲ, ಹೆಂಡತಿಗೂ.

"ನನ್ನ ಕೈಯಾಗ ಹಿಂಗಾತು, ಆ ಹುಡುಗ್ರ ಕೈಯಾಗ ಏನಾದೀತ್ರಿ?"

ಎರಡು ವರ್ಷದಿಂದ ಆ ಗುಟ್ಟನ್ನ ಒಬ್ರೇ ಕಾಯ್ಕೊಂಡು ಕೂತಿದಾರೆ, ನಿದ್ದೆ ಬರೋದಾದ್ರೂ ಹೇಗೆ? ಮಾತಿನ ಮಧ್ಯೆ ಅವರೇ ಗಿಟ್‌ಲ್ಯಾಬ್ ಅನ್ನೋ ಸಾಫ್ಟ್‌ವೇರ್ ಕಂಪನಿ ಕಥೆ ಹೇಳಿದ್ರು. 2017ರ ಜನವರಿ 31ರ ರಾತ್ರಿ ಅಲ್ಲಿನ ಇಂಜಿನಿಯರ್ ಒಬ್ರು ಒಂದು ಸರ್ವರ್ ಅಂತ ಇನ್ನೊಂದರಲ್ಲಿ ಡಿಲೀಟ್ ಮಾಡಿ ಸುಮಾರು ಆರು ತಾಸಿನ ಡೇಟಾ ಹೋಯ್ತು, ಕಂಪನಿ ಆಗಿದ್ದೆಲ್ಲಾ ಜಗತ್ತಿಗೇ ಬಿಚ್ಚಿಟ್ಟಿತು.

"ಅದನ್ನ ಓದಿದಾಗ ಆ ಇಂಜಿನಿಯರ್ ಬಗ್ಗೆ ಏನನ್ನಿಸ್ತು?"

"ಪಾಪ ಅನ್ನಿಸ್ತ್ರಿ."

"ನಿಮ್ಮ ಬಗ್ಗೆ?"

ಕನ್ನಡಕ ತೆಗೆದು ಒರೆಸ್ತಾ ಕೂತ್ರು.

ನಾನು ಕೊಟ್ಟ ಸಲಹೆ, ಮೊದ್ಲು ಹೆಂಡತಿಗೆ ಹೇಳಿ, ಆಮೇಲೆ ಮ್ಯಾನೇಜರ್‌ಗೆ, ಏನಾಯ್ತು, ಇನ್ನೊಂದ್ಸಲ ಆಗದಿರೋಕೆ ಏನು ಮಾಡ್ಬೇಕು ಅಂತ ಬರೆದುಕೊಂಡು ಹೋಗಿ. ನನ್ನ ಜೊತೆ ಕೆಲಸ ಮಾಡೋ ಒಬ್ರು ಇದಕ್ಕೆ ಸಿಟ್ಟಾದ್ರು, ಮನೆ ಸಾಲದ ಕಂತು ಇರೋ ಮನುಷ್ಯ, ಕೆಲಸ ಹೋದ್ರೆ ನೀನು ಕಟ್ತೀಯಾ ಅಂತ. ಮಾತು ಸುಳ್ಳಲ್ಲ, ನಾನೂ ಎರಡು ದಿನ ಒದ್ದಾಡಿದೀನಿ. ಆದ್ರೆ ಮ್ಯಾನೇಜರ್ ಎಂಥವ್ರು, ಹಿಂದೆ ಯಾರಾದ್ರೂ ತಪ್ಪು ಒಪ್ಕೊಂಡಾಗ ಹೇಗೆ ನಡ್ಕೊಂಡ್ರು ಅಂತ ಕೇಳಿ ತಿಳ್ಕೊಂಡೇ ಹೇಳಿದ್ದು, ಹಗೆ ಸಾಧಿಸೋ ಮನುಷ್ಯ ಆಗಿದ್ರೆ ಹೆಂಡತಿಗೆ ಹೇಳಿ ಅನ್ನೋದಕ್ಕೇ ನಿಲ್ಲಿಸ್ತಿದ್ದೆ. ಬರೀ ನಿದ್ದೆ ಮಾತ್ರೆಗೆ ಡಾಕ್ಟರ ಹತ್ರ ಕಳಿಸಿದ್ರೆ ಆ ಹುಡುಗ್ರು ಕೆಲಸ ಕಲೀತಿರ್ಲಿಲ್ಲ, ಇವ್ರ ರಾತ್ರಿನೂ ಮುಗೀತಿರ್ಲಿಲ್ಲ. (ನಡುರಾತ್ರಿ ತಡೀಲಾರದಷ್ಟು ಸಂಕಟ ಆದ್ರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ, 2022ರಿಂದ ಕೇಂದ್ರ ಸರ್ಕಾರ ನಡೆಸ್ತಿರೋದು, ಹಗಲೂ ರಾತ್ರಿ ಇರುತ್ತೆ, ಭಾಷೆ ಆರಿಸ್ಕೋಬಹುದು.)

ಅವತ್ತೇ ಮನೇಲಿ ಹೇಳಿದ್ರಂತೆ. ಅವರ ಹೆಂಡತಿ ಕೇಳಿದ್ದು ಒಂದೇ ಮಾತು, "ಅದಕ್ಕೇನ್ರಿ ಮದುವ್ಯಾಗ ಹಂಗ ಮಾಡಿದ್ದು?"

ಮ್ಯಾನೇಜರ್‌ಗೆ ಹೇಳೋಕೆ ಮೂರು ವಾರ ಹಿಡೀತು. ಈಗ ಪ್ರೊಡಕ್ಷನ್ ವಿಂಡೋ ಕೆಂಪು ಬಣ್ಣದಲ್ಲಿರುತ್ತೆ, ಹುಡುಗ್ರ ಕೈಲಿ ತಿಂಗಳಿಗೊಂದ್ಸಲ ಟೆಸ್ಟ್ ಸರ್ವರ್‌ನಲ್ಲಿ ಬ್ಯಾಕಪ್ ರಿಸ್ಟೋರ್ ಮಾಡಿಸ್ತಾರೆ, ಆನ್‌ಕಾಲ್ ವಾರಕ್ಕೊಬ್ರು. ಪಾಳಿ ಇಲ್ಲದ ಮೊದಲ ವಾರದಲ್ಲೂ ರಾತ್ರಿ ಮೂರಕ್ಕೆ ಎಚ್ಚರ ಆಗಿ ಫೋನ್ ನೋಡಿದ್ರಂತೆ, ಏನೂ ಇಲ್ಲ. ಬೆಳಿಗ್ಗೆ ಹುಡುಗನ ಮೆಸೇಜ್ ಇತ್ತು, ಸರ್, ರಾತ್ರಿ ಡಿಸ್ಕ್ ತುಂಬಿತ್ತು, ನೋಡ್ಕೊಂಡೆ.