ಸಿಂಪಲ್ ಗ್ಯಾಲರಿಯಲ್ಲಿ ಜಾಹೀರಾತು ಬರುತ್ತಿದ್ದರೆ

ಅಪ್‌ಡೇಟ್ ಆದ ಮೇಲೆ ಆಂಡ್ರಾಯ್ಡ್ ಫೋನಿನ ಫೋಟೊ ಆ್ಯಪ್ ಸಿಂಪಲ್ ಗ್ಯಾಲರಿ ಜಾಹೀರಾತು ತೋರಿಸುತ್ತಿದೆ, ಚಂದಾ ಕೇಳುತ್ತಿದೆ ಎಂದಿದ್ದೀರಿ. ಕಾರಣ ಬಹುತೇಕ ಮಾಲೀಕರು ಬದಲಾದದ್ದೇ: ಸಿಂಪಲ್ ಗ್ಯಾಲರಿ ಸೇರಿರುವ ಸಿಂಪಲ್ ಮೊಬೈಲ್ ಟೂಲ್ಸ್ ಬಳಗದ ಆ್ಯಪ್‌ಗಳನ್ನು 2023ರ ಕೊನೆಯಲ್ಲಿ ಜಿಪೋಆ್ಯಪ್ಸ್ ಕಂಪನಿ ಕೊಂಡಿತು. ಆದರೆ ಯಾರು ಬೇಕಾದರೂ ಬಳಸಿ, ಬದಲಿಸಿ, ಹಂಚಲು ಬಿಡುವ ಜಿಪಿಎಲ್ ಪರವಾನಗಿಯಲ್ಲಿ ಆಗಲೇ ಹೊರಬಂದಿದ್ದ ಕೋಡನ್ನು ಯಾರೂ ಹಿಂದಕ್ಕೆ ಪಡೆಯುವಂತಿಲ್ಲ. ಅದನ್ನೇ ಮುಂದುವರಿಸಿಕೊಂಡು ಬಂದಿರುವುದು ಫಾಸಿಫೈ ಎಂಬ ಮುಕ್ತ ಆ್ಯಪ್‌ಗಳ ಬಳಗ. ನೆಮ್ಮದಿಯಿಂದ ಅಲ್ಲಿಗೆ ಹೋಗಿ.

ಹಳೆಯ ಆ್ಯಪನ್ನು ಈಗಲೇ ಅಳಿಸಬೇಡಿ. ಅದರ ರಿಸೈಕಲ್ ಬಿನ್‌ನಲ್ಲಿರುವ ಚಿತ್ರಗಳು ಆ್ಯಪ್‌ನ ಒಳಗೇ ಇರುತ್ತವೆ, ಅಳಿಸಿದರೆ ಅವೂ ಹೋಗುತ್ತವೆ. ಬೇಕಾದವನ್ನು ಮೊದಲು ಹೊರತೆಗೆಯಿರಿ. ಉಳಿದ ಫೋಟೊಗಳಿಗೆ ಅಪಾಯವಿಲ್ಲ. ನಂತರ ಎಫ್-ಡ್ರಾಯ್ಡ್ ಎಂಬ ಮುಕ್ತ ಆ್ಯಪ್‌ಗಳ ಅಂಗಡಿಯಿಂದ ಫಾಸಿಫೈ ಗ್ಯಾಲರಿ ಹಾಕಿಕೊಂಡು, ಫೋಲ್ಡರ್‌ಗಳೆಲ್ಲ ಕಾಣುತ್ತಿವೆಯೇ ನೋಡಿ, ಆಮೇಲೆ ಹಳೆಯದನ್ನು ತೆಗೆಯಿರಿ. ಸಿಂಪಲ್ ನೋಟ್ಸ್ ಕೂಡ ಇದ್ದರೆ ಟಿಪ್ಪಣಿಗಳನ್ನು ಮೊದಲೇ ರಫ್ತು ಮಾಡಿಕೊಳ್ಳಿ. ನಿಮ್ಮ ಆವೃತ್ತಿಯಲ್ಲಿ ಆ ಆಯ್ಕೆ ಬೇರೆ ಮೆನುವಿನಲ್ಲಿರಬಹುದು.