ಟೀಮ್ ಲೀಡ್ ಆಗಿ ಬರಲೋ, ಇಂಜಿನಿಯರ್ ಆಗಿ ಬರಲೋ ಅಂತ ಕೇಳಿದ ತಮ್ಮನಿಗೆ

ತಮ್ಮಾ,

ನಿನ್ನ ಮೆಸೇಜ್ ಓದಿದೆ. ತುಮಕೂರಿನ ವಸಂತನರಸಾಪುರದಲ್ಲಿ ಇಷ್ಟು ವರ್ಷ ಫ್ಯಾಕ್ಟರಿ ಕೆಲಸ ಮಾಡಿದ್ದೀಯ. ಈಗ ನಾನಿರುವ ಸ್ವೀಡನ್ನಿನ ಗೋಥೆನ್‌ಬರ್ಗ್‌ನಿಂದ ಆಫರ್ ಬಂದಿದೆ. ಸೀನಿಯರ್ ಇಂಜಿನಿಯರ್ ಆಗಿಯಾದರೂ ಬಾ, ಎಂಟು ಜನರ ಟೀಮ್ ಲೀಡ್ ಆಗಿಯಾದರೂ ಬಾ ಅಂತ ಕಂಪನಿಯವರು ನಿನಗೇ ಬಿಟ್ಟಿದ್ದಾರೆ. ಸಂಬಳದಲ್ಲಿ ಅಂಥಾ ವ್ಯತ್ಯಾಸ ಇಲ್ಲ. ಆದರೆ ನಿಮ್ಮ ಮಾವ, ‘ಲೀಡ್ ಬಿಟ್ಟು ಬರೀ ಇಂಜಿನಿಯರ್ ಆಗಿ ಹೋದರೆ ಜನ ಏನಂತಾರೆ’ ಅಂದರಂತೆ. ‘ಅಕ್ಕಾ, ಅಲ್ಲಿ ಲೀಡರ್ ಅಂದ್ರೆ ಏನು ಮಾಡಬೇಕು? ಮನೆ ಸಿಗುತ್ತಾ? ಚಳಿ ಹೇಗೆ? ಊಟಕ್ಕೇನು?’ ಅಂತ ಒಂದೇ ಉಸಿರಲ್ಲಿ ಕೇಳಿದ್ದೀಯ.

ಸುಲಭದ್ದು ಮೊದಲು ಹೇಳಿಬಿಡುತ್ತೇನೆ. ಮನೆ ಕಷ್ಟ. ಬಾಡಿಗೆ ಮನೆಗೆ ಸರದಿ ಇದೆ, ವರ್ಷಗಟ್ಟಲೆ ಕಾಯಬೇಕು. ಮೊದಲಿಗೆ ಇನ್ನೊಬ್ಬರು ಬಾಡಿಗೆಗೆ ಹಿಡಿದ ಮನೆಯನ್ನು ಅವರಿಂದಲೇ ಪಡೆದು ಇರಬೇಕಾಗುತ್ತದೆ. ಕಾಗದ ಪತ್ರ ಇಲ್ಲದೆ ಮುಂಗಡ ಕೊಡಬೇಡ. ಚಳಿಗಿಂತ ಗಾಳಿ, ಮಳೆ, ಕತ್ತಲೆ ಜಾಸ್ತಿ ಕಾಡುತ್ತದೆ. ಡಿಸೆಂಬರ್‌ನಲ್ಲಿ ಮಧ್ಯಾಹ್ನ ಮೂರೂವರೆಗೆಲ್ಲ ಸೂರ್ಯ ಮುಳುಗುತ್ತಾನೆ. ಜಾಕೆಟ್ ಇಲ್ಲೇ ಕೊಂಡುಕೋ. ರಾಗಿ ಹಿಟ್ಟು ಸಿಗುತ್ತದೆ. ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಸಿಗುವುದಿಲ್ಲ, ಅದಕ್ಕೆ ಮನಸ್ಸು ಗಟ್ಟಿ ಮಾಡಿಕೊಂಡೇ ಬಾ.

ಇನ್ನು ಲೀಡರ್ ವಿಷಯ. ಇಲ್ಲಿಗೆ ಬಂದು ಹೋದವರು ನಿನಗೆ ಒಂದಷ್ಟು ಹೇಳಿರುತ್ತಾರೆ. ಬಾಸ್‌ನನ್ನು ಹೆಸರು ಹಿಡಿದೇ ಕರೀತಾರೆ, ಬಾಸ್ ತನ್ನ ಲೋಟ ತಾನೇ ತೊಳೀತಾನೆ, ಸಾರ್ ಗೀರ್ ಇಲ್ಲ ಅಂತ. ಎಲ್ಲಾ ನಿಜ. ಆದರೆ ಅದೆಲ್ಲ ಮೇಲುಮೇಲಿನದು. ನಿಮ್ಮ ಕಂಪನಿಯಲ್ಲೂ ಕ್ಯಾಬಿನ್ ತೆಗೆದುಹಾಕಿ ಮ್ಯಾನೇಜರನ್ನು ಎಲ್ಲರ ಮಧ್ಯೆ ಕೂರಿಸಿದ್ದಾರೆ ಅಂತ ಬರೆದಿದ್ದೀಯಲ್ಲ, ಅದರಿಂದ ಅವರ ಮುಂದೆ ‘ಆಗಲ್ಲ’ ಅನ್ನೋ ಧೈರ್ಯ ಯಾರಿಗಾದರೂ ಬಂತಾ? ನೋಡಬೇಕಾದ್ದು ಅದನ್ನು.

ನಾನು ಬಂದ ಹೊಸತು. ವಾಹನಗಳ ಟೆಸ್ಟಿಂಗ್ ವಿಭಾಗ. ಸೋಮವಾರದ ಮೀಟಿಂಗ್‌ನಲ್ಲಿ ನಮ್ಮ ವಿಭಾಗದ ಮುಖ್ಯಸ್ಥೆ ಬೋರ್ಡಿನ ಮೇಲೆ ಇಡೀ ತಿಂಗಳ ಪ್ಲಾನ್ ಬರೆದಿದ್ದರು. ಟೆಸ್ಟ್ ಬೆಂಚಿನ ಟೆಕ್ನಿಷಿಯನ್ ಒಬ್ಬ, ಇನ್ನೂ ಮೀಸೆ ಸರಿಯಾಗಿ ಬಂದಿರದ ಹುಡುಗ, ಕೂತಲ್ಲಿಂದಲೇ ‘ಈ ತಾರೀಖಿಗೆ ಆಗಲ್ಲ’ ಅಂದ. ನನ್ನ ಎದೆ ಧಸಕ್ ಅಂತು. ಆಕೆ ‘ಯಾಕೆ’ ಅಂತ ಕೇಳಿ ಸುಮ್ಮನೆ ನಿಂತರು. ಗಾಡಿಯನ್ನು ಕೋಲ್ಡ್ ಚೇಂಬರ್‌ನಲ್ಲಿ ಇಡೀ ರಾತ್ರಿ ಬಿಟ್ಟ ಮೇಲೇ ಸ್ಟಾರ್ಟ್ ಮಾಡಿ ನೋಡಬೇಕು, ನೀವು ಆ ರಾತ್ರಿಯನ್ನು ಲೆಕ್ಕಕ್ಕೇ ಹಿಡಿದಿಲ್ಲ ಅಂದ. ಆಕೆ ತಾನು ಬರೆದ ತಾರೀಖನ್ನು ಅಂಗೈಯಲ್ಲೇ ಒರೆಸಿ, ಮಾರ್ಕರ್ ಅವನ ಕೈಗೆ ಕೊಟ್ಟರು. ಅವನು ಎದ್ದು ಬಂದು ಹೊಸ ತಾರೀಖು ಬರೆದ. ಮೀಟಿಂಗ್ ಮುಂದುವರಿಯಿತು. ಯಾರ ಮುಖವೂ ಬಾಡಲಿಲ್ಲ. ಊರಲ್ಲಿ ನಾನು ಮೊದಲು ಕೆಲಸ ಮಾಡಿದ ಕಡೆ ಆ ವಯಸ್ಸಿನ ಹುಡುಗ ಎಲ್ಲರೆದುರು ಹಾಗಂದಿದ್ದರೆ ಅವತ್ತೇ ಅವನಿಗೆ ಮಂಗಳಾರತಿ ಆಗುತ್ತಿತ್ತು.

ಇದು ಒಬ್ಬರ ಒಳ್ಳೇತನ ಅಂದುಕೊಳ್ಳಬೇಡ. ಹಿಂದೆ ಕಾನೂನಿದೆ, ಜಗಳವಾಡಿ ಗಳಿಸಿದ ಹಕ್ಕಿದೆ. ದೊಡ್ಡ ಬದಲಾವಣೆ ಮಾಡುವ ಮುಂಚೆ ಕಂಪನಿ ಯೂನಿಯನ್ ಜೊತೆ ಕೂತು ಮಾತಾಡಲೇಬೇಕು ಅನ್ನುವ ಕಾಯ್ದೆ 1976ರಲ್ಲೇ ಬಂತು. ಅದಕ್ಕೂ ಮೊದಲೇ, 1974ರಲ್ಲಿ, ವೋಲ್ವೋದವರು ಕಾಲ್ಮಾರ್ ಅನ್ನೋ ಊರಲ್ಲಿ ಸಾಲು ಅಸೆಂಬ್ಲಿ ಲೈನ್ ಇಲ್ಲದ ಫ್ಯಾಕ್ಟರಿ ಕಟ್ಟಿದರು. ಸಣ್ಣ ಸಣ್ಣ ತಂಡ, ಯಾರು ಯಾವ ಕೆಲಸ ಮಾಡಬೇಕು ಅಂತ ತಂಡದಲ್ಲೇ ತೀರ್ಮಾನ. 1994ರಲ್ಲಿ ಅದು ಮುಚ್ಚಿತು. ಆದರೂ ಇಲ್ಲಿಯ ಹಳಬರು ಆ ಮಾತು ಬಂದರೆ ಇವತ್ತಿಗೂ ಬಿಡದೆ ಚರ್ಚೆ ಮಾಡುತ್ತಾರೆ. ಐದು ಜನ ಅಥವಾ ಅದಕ್ಕಿಂತ ಜಾಸ್ತಿ ಇರುವ ಕಡೆ ಕೆಲಸಗಾರರ ಪರವಾಗಿ ಒಬ್ಬ ಸೇಫ್ಟಿ ಪ್ರತಿನಿಧಿ ಇರಬೇಕು. ಜೀವಕ್ಕೋ ಆರೋಗ್ಯಕ್ಕೋ ತಕ್ಷಣದ ದೊಡ್ಡ ಅಪಾಯ ಕಂಡರೆ ಆ ಮನುಷ್ಯ ಕೆಲಸವನ್ನೇ ನಿಲ್ಲಿಸಬಹುದು. ನೀನು ಲೀಡ್ ಆಗಿದ್ದರೂ ಅಷ್ಟೇ, ನಿನ್ನ ಮೇಲಿನವರಾದರೂ ಅಷ್ಟೇ.

2016ರಿಂದ ಇನ್ನೊಂದು ನಿಯಮ ಬಂದಿದೆ. ಅತಿಯಾದ ಕೆಲಸದ ಹೊರೆ, ಹೊತ್ತಲ್ಲದ ಹೊತ್ತಿನ ಕೆಲಸ, ಒಬ್ಬರನ್ನು ಮೂಲೆಗೊತ್ತುವುದು, ಇವೆಲ್ಲ ಮೆಷಿನ್ನಿಗೆ ಕೈ ಸಿಕ್ಕಿಕೊಳ್ಳುವ ಹಾಗೆಯೇ ಕೆಲಸದ ಜಾಗದ ಅಪಾಯ. ಅದನ್ನು ಕಂಡುಹಿಡಿಯುವುದು, ತಡೆಯುವುದು ಮೇಲಿನವರ ಜವಾಬ್ದಾರಿ. ಈ ನಿಯಮ ಕಾಗದದ ಮೇಲೆ ಓದಿದಾಗ ಬಹಳ ಚೆನ್ನಾಗಿತ್ತು. ಅದು ನಮ್ಮವರ ಮೇಲೇ ಬಂದಾಗ ಏನಾಯಿತು ಅನ್ನೋದನ್ನು ನಿನಗೆ ಹೇಳಲೇಬೇಕು.

ಆಗ ನಮ್ಮ ವಿಭಾಗಕ್ಕೆ ನಾನೇ ಸೇಫ್ಟಿ ಪ್ರತಿನಿಧಿ. ಪಕ್ಕದ ಟೀಮಿನಲ್ಲಿ ನಮ್ಮ ಕಡೆಯ ಹುಡುಗ ಒಬ್ಬನಿದ್ದ. ಚುರುಕು, ವಿನಯ. ಏನು ಹೇಳಿದರೂ ‘ಆಯ್ತು’. ಅವನ ಲೀಡ್ ಕೂಡ ನಮ್ಮ ದೇಶದವರೇ. ವಯಸ್ಸಿನಲ್ಲಿ ನನಗಿಂತ ದೊಡ್ಡವರು, ಒಳ್ಳೆಯ ಮನುಷ್ಯ. ಅವರ ಮನೆಯಲ್ಲಿ ಯುಗಾದಿಗೆ ಒಬ್ಬಟ್ಟು ತಿಂದಿದ್ದೇನೆ. ಒಂದು ಬೆಳಗ್ಗೆ ಆ ಹುಡುಗ ಪಾರ್ಕಿಂಗ್‌ವರೆಗೆ ಬಂದು ಕಾರಿನಿಂದ ಇಳಿಯಲಾಗದೆ ಕೂತುಬಿಟ್ಟ. ಕೈ ಸ್ಟೇರಿಂಗ್ ಬಿಡುತ್ತಿರಲಿಲ್ಲ. ಡಾಕ್ಟರು ವಿಪರೀತ ದಣಿವಿನ ಕಾಯಿಲೆ ಅಂತ ಬರೆದು ರಜೆ ಕೊಟ್ಟರು. ಇಲ್ಲಿ ಅದು 2005ರಿಂದ ಒಪ್ಪಿಕೊಂಡಿರುವ ಕಾಯಿಲೆ. ಅರವತ್ತು ದಿನ ಅಥವಾ ಅದಕ್ಕಿಂತ ಜಾಸ್ತಿ ರಜೆ ಬೇಕಾಗಬಹುದು ಅಂತ ಕಂಡರೆ, ಅವನನ್ನು ಹೇಗೆ ಕೆಲಸಕ್ಕೆ ವಾಪಸ್ ತರುತ್ತೀರಿ ಅಂತ ಮೂವತ್ತು ದಿನದೊಳಗೆ ಕಂಪನಿ ಬರೆದಿಡಬೇಕು. ಅದಕ್ಕಾಗಿ ಎಲ್ಲರೂ ಕೂತೆವು.

ಅಲ್ಲಿ ಆ ಹುಡುಗನ ತಪ್ಪೇನು ಅಂತ ಯಾರೂ ಕೇಳಲಿಲ್ಲ. ಕೆಲಸ ಜಾಸ್ತಿಯಾಯಿತಾ ಅಂತ ಅವನನ್ನು ಕೊನೆಯ ಸಲ ಕೇಳಿದ್ದು ಯಾವಾಗ ಅನ್ನುವ ಪ್ರಶ್ನೆ ಅವನ ಲೀಡ್‌ಗೆ ಬಂತು. ಆ ಪ್ರಶ್ನೆ ಕೇಳಬೇಕಾದವಳು ನಾನು. ಅವರು ಮತ್ತೆ ಮತ್ತೆ ಒಂದೇ ಮಾತು ಹೇಳಿದರು: ‘ಅವನು ಒಂದು ಸಲಾನೂ ಆಗಲ್ಲ ಅನ್ನಲಿಲ್ಲ.’ ಅದು ನಿಜ. ಆ ಹುಡುಗ ದೊಡ್ಡವರಿಗೆ ಮರ್ಯಾದೆ ಕೊಟ್ಟ. ಇವರು ಹುಡುಗನನ್ನು ನಂಬಿದರು. ನಮ್ಮ ಕಡೆ ಬೆಳೆದವರಿಗೆ ಇದರಲ್ಲಿ ಇಬ್ಬರದೂ ತಪ್ಪಿಲ್ಲ ಅನ್ನಿಸುತ್ತದೆ, ನಿನಗೆ ಬಿಡಿಸಿ ಹೇಳಬೇಕಿಲ್ಲ. ಆದರೆ ‘ಆಗಲ್ಲ’ ಅನ್ನೋದಕ್ಕೆ ಜಾಗ ಮಾಡಿಕೊಡುವುದೇ ಲೀಡ್‌ನ ಕೆಲಸ ಅಂತ ಇಲ್ಲಿ ಲೆಕ್ಕ. ಅವರನ್ನು ಆ ಜಾಗದಿಂದ ಬಿಡಿಸಿ ಬೇರೆ ಕೆಲಸಕ್ಕೆ ಹಾಕಿದರು. ಹುಡುಗ ಎಷ್ಟೋ ತಿಂಗಳ ಮೇಲೆ ಅರ್ಧ ದಿನ, ಆಮೇಲೆ ಪೂರ್ತಿ ದಿನ ಅಂತ ವಾಪಸ್ ಬಂದ, ಈಗ ಚೆನ್ನಾಗಿದ್ದಾನೆ. ಅವರು ಮಾತ್ರ ಇವತ್ತಿಗೂ ನನ್ನ ಜೊತೆ ಸರಿಯಾಗಿ ಮಾತಾಡುವುದಿಲ್ಲ. ಟ್ರಾಮ್‌ನಲ್ಲಿ ಎದುರು ಸಿಕ್ಕರೆ ಕಿಟಕಿ ಕಡೆ ತಿರುಗುತ್ತಾರೆ. ಮತ್ತೆ ಅಂಥಾ ಮೀಟಿಂಗ್ ಬಂದರೂ ಆ ಪ್ರಶ್ನೆ ಕೇಳಲೇಬೇಕು. ಆದರೂ ಹೊಟ್ಟೆಯಲ್ಲಿ ಸಂಕಟ ಆಗುವುದು ತಪ್ಪಿಲ್ಲ.

ಇದನ್ನೆಲ್ಲ ನಮ್ಮಪ್ಪನಿಗೆ ಹೇಳಿದ್ದೆ. ಅಪ್ಪ ತುಮಕೂರಿನ ಎಚ್‌ಎಂಟಿ ವಾಚ್ ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್ ಆಗಿದ್ದವರು. ಅವರ ಸೆಕ್ಷನ್‌ನಲ್ಲಿ ಯಾರ ಮಗಳಿಗೆ ಗಂಡು ನೋಡುತ್ತಿದ್ದಾರೆ, ಯಾರು ಫೀಸಿಗೆ ಸಾಲ ಮಾಡಿದ್ದಾರೆ, ಎಲ್ಲಾ ಗೊತ್ತಿತ್ತು. ಬೆಳಗ್ಗೆ ಲೂಪ್, ಅಂದರೆ ಸಣ್ಣ ಭೂತಗನ್ನಡಿ, ಕಣ್ಣಿಗೆ ಹಾಕಿಕೊಳ್ಳುವಾಗ ಯಾರದಾದರೂ ಕೈ ನಡುಗಿದರೆ ಅವತ್ತು ಅವರಿಗೆ ಸಣ್ಣ ಭಾಗಗಳ ಕೆಲಸ ಕೊಡುತ್ತಿರಲಿಲ್ಲ. ಯಾವ ನಿಯಮವೂ ಹೇಳಿರಲಿಲ್ಲ, ತಾನಾಗೇ ಮಾಡುತ್ತಿದ್ದರು. 2016ರಲ್ಲಿ ಎಚ್‌ಎಂಟಿ ವಾಚಸ್ ಮುಚ್ಚಲು ಸರ್ಕಾರ ತೀರ್ಮಾನ ಮಾಡಿದಾಗ ಹಳೇ ಕೈಗಳೆಲ್ಲ ನಮ್ಮ ಮನೆ ಜಗಲಿಗೆ ಬಂದು ಕೂತಿದ್ದರು. ನನ್ನ ಟೀಮಿನವರು ಯಾರ ಮನೆ ಎಲ್ಲಿದೆ ಅಂತಲೂ ಇಲ್ಲಿ ನನಗೆ ಗೊತ್ತಿಲ್ಲ ತಮ್ಮಾ. ಕೇಳಿದರೆ ಅತಿ ಆಗುತ್ತದೆ. ಆ ಲೆಕ್ಕದಲ್ಲಿ ನಮ್ಮಪ್ಪನಂಥ ಲೀಡರನ್ನು ನಾನು ಇಲ್ಲಿ ನೋಡೇ ಇಲ್ಲ.

ಆದರೂ ಒಂದು ದಿನ ಫೋನಿನಲ್ಲಿ ಕೇಳಿದೆ: ‘ಅಪ್ಪಾ, ನಿಮ್ಮ ಪ್ಲಾನ್ ಸರಿಯಿಲ್ಲ ಅಂತ ಯಾರಾದರೂ ಮುಖಕ್ಕೇ ಹೇಳಿದ್ದರಾ?’ ತುಂಬಾ ಹೊತ್ತು ಯೋಚಿಸಿದರು. ‘ಇಲ್ಲಮ್ಮ. ಹಾಗನ್ನೋಕೆ ನಾನೂ ಬಿಟ್ಟಿರಲಿಲ್ಲ ಅನ್ಸುತ್ತೆ’ ಅಂದರು. ಅವರಿಗೆ ಎಲ್ಲರ ಕಷ್ಟ ಗೊತ್ತಿತ್ತು. ಅವರ ಕೆಲಸದಲ್ಲೇ ಏನು ಕೊರತೆ ಇದೆ ಅಂತ ಹೇಳುವವರು ಮಾತ್ರ ಇರಲಿಲ್ಲ. ಇಲ್ಲಿ ಅದು ತಿರುವುಮುರುವು.

ಅದಕ್ಕೇ ನನ್ನ ಉತ್ತರ: ಇಂಜಿನಿಯರ್ ಆಗಿ ಬಾ. ಒಂದು ವರ್ಷವಾದರೂ ಆ ಟೇಬಲ್ಲಿನ ಈಚೆ ಕಡೆ ಕೂತು ನೀನೇ ‘ಆಗಲ್ಲ’ ಅಂದು ನೋಡು. ಅಂದ ಮೇಲೂ ಮಾರನೇ ದಿನ ಕಾಫಿಗೆ ಕರೀತಾರೆ ಅನ್ನೋದು ಅನುಭವಕ್ಕೆ ಬರಲಿ. ಅದು ಬಾರದೆ ಎಂಟು ಜನರ ಲೀಡ್ ಆದರೆ, ‘ಏನಾದರೂ ಇದ್ದರೆ ಹೇಳಿ’ ಅಂತ ಬಾಯಲ್ಲಿ ಅನ್ನುತ್ತೀಯ, ಆದರೆ ನಿನ್ನ ಮುಖ ನೋಡಿ ಯಾರೂ ಹೇಳುವುದಿಲ್ಲ. ಆ ಎಂಟರಲ್ಲಿ ಒಬ್ಬ ನಮ್ಮವನೇ ಇದ್ದರಂತೂ ಅವನು ಖಂಡಿತ ಹೇಳುವುದಿಲ್ಲ.

ಜುಲೈನಲ್ಲಿ ಮಾತ್ರ ಸೇರಬೇಡ. ಬೇಸಿಗೆಯಲ್ಲಿ ನಾಲ್ಕು ವಾರ ಒಟ್ಟಿಗೆ ರಜೆ ತಗೊಳ್ಳೋ ಹಕ್ಕು ಎಲ್ಲರಿಗೂ ಇದೆ, ಕಲಿಸುವವರು ಯಾರೂ ಇರುವುದಿಲ್ಲ. ಮಗು ಹುಟ್ಟಿತು ಅಂತ ನಿನ್ನ ಬಾಸ್ ತಿಂಗಳುಗಟ್ಟಲೆ ರಜೆ ಹೋದರೆ ಗಾಬರಿಯಾಗಬೇಡ. ಒಂದು ಮಗುವಿಗೆ 480 ದಿನದ ರಜೆ ಇದೆ, ಅದರಲ್ಲಿ 90 ದಿನ ಅಪ್ಪನೇ ತಗೋಬೇಕು, ಅಮ್ಮನಿಗೆ ಬಿಟ್ಟುಕೊಡೋಕೆ ಆಗಲ್ಲ. ಅವರು ಇಲ್ಲದಿದ್ದರೂ ಕೆಲಸ ನಡೆಯುತ್ತದೆ.

ಮಾವನಿಗೆ ಏನು ಹೇಳೋದು ಅಂತ ಕೇಳಿದ್ದೀಯ. ಸೀನಿಯರ್ ಇಂಜಿನಿಯರ್ ಅಂತಲೇ ಹೇಳು, ಇಲ್ಲಿ ಅದು ಕಮ್ಮಿ ಅಲ್ಲ. ಆಫರ್‌ಗೆ ಸಹಿ ಮಾಡೋ ಮುಂಚೆ ಕಂಪನಿಗೆ ಎರಡು ಪ್ರಶ್ನೆ ಬರೆದು ಕಳಿಸು. ವರ್ಷ ಕಳೆದ ಮೇಲೆ ಲೀಡ್ ಜಾಗಕ್ಕೆ ಅರ್ಜಿ ಹಾಕಬಹುದಾ? ಹಾಗೆ ಹುದ್ದೆ ಬದಲಾದರೆ ವರ್ಕ್ ಪರ್ಮಿಟ್‌ಗೆ ಏನಾದರೂ ತೊಂದರೆ ಇದೆಯಾ? ಸಂಕೋಚ ಬೇಡ, ಯಾರೂ ತಪ್ಪು ತಿಳಿಯುವುದಿಲ್ಲ. ಅವರು ಏನಂದರು ಅಂತ ನನಗೂ ತಿಳಿಸು.